99 ಸಾಕೋ, 999 ಬೇಕೋ? ಗಣಿತದ ಕಲಿಕಾ ಗುರಿಗಳನ್ನು ಮಗುವಿನ ಮಾತಿಗೆ ತರುವ ಬಗೆ

2025ರ ಜುಲೈನಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಕೇಂದ್ರ 'ಪರಖ್' ಮಕ್ಕಳ ಕಲಿಕೆ ಅಳೆಯಲು ನಡೆಸಿದ 'ಪರಖ್ ರಾಷ್ಟ್ರೀಯ ಸರ್ವೇಕ್ಷಣ್'ನ ಫಲಿತಾಂಶ ಹೊರಬಿದ್ದಾಗ ಎರಡು ಅಂಕಿಗಳು ತಲೆಬರಹವಾದವು. ಮೂರನೇ ತರಗತಿಯಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಮತ್ತು ಇಳಿಕೆ ಕ್ರಮದಲ್ಲಿ ಜೋಡಿಸಬಲ್ಲ ಮಕ್ಕಳು ಶೇ 55. ಆರನೇ ತರಗತಿಯಲ್ಲಿ ಹತ್ತರವರೆಗೆ ಮಗ್ಗಿ ಬಲ್ಲವರು ಶೇ 53. 2024ರ ಡಿಸೆಂಬರ್ 4ರಂದು ದೇಶದಾದ್ಯಂತ 3, 6 ಮತ್ತು 9ನೇ ತರಗತಿಗಳ ಸುಮಾರು 21 ಲಕ್ಷ ಮಕ್ಕಳನ್ನು ಪರೀಕ್ಷಿಸಿ ತೆಗೆದ ಅಂಕಿಗಳು ಇವು.

ಸುದ್ದಿ ಓದಿದ ಪಾಲಕರಿಗೆ ಎರಡು ಪ್ರಶ್ನೆಗಳು ಕಾಡಿದವು. ಓದು–ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ ನಡೆಸುವ 'ನಿಪುಣ್ ಭಾರತ್' ಅಭಿಯಾನದ ಗುರಿಗಳಲ್ಲಿ ಎರಡನೇ ತರಗತಿಗೇ 999ರವರೆಗೆ ಎಂದಿದೆ. ಹಾಗಿದ್ದರೆ ಮೂರನೇ ತರಗತಿಯ ಮಕ್ಕಳಿಗೆ 99ರ ಪರೀಕ್ಷೆ ಏಕೆ? ಮಗ್ಗಿಯನ್ನು ಮನೆಯಲ್ಲಿ ತಪ್ಪಿಲ್ಲದೆ ಒಪ್ಪಿಸುವ ಮಗು 'ಮಗ್ಗಿ ಬಾರದವರ' ಲೆಕ್ಕಕ್ಕೆ ಸೇರಿದ್ದು ಹೇಗೆ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಕಲಿಕಾ ಗುರಿಗಳನ್ನು ಬರೆದಿರುವ ಭಾಷೆಯನ್ನು ನಾವು ಬಿಡಿಸಿ ಓದುತ್ತಿಲ್ಲ. ದೊಡ್ಡವರೇ ಬಿಡಿಸಿ ಓದದ ವಾಕ್ಯ ಮಗುವಿನ ಕೈಗೆ ತಲುಪುವಷ್ಟರಲ್ಲಿ ಬರೀ ಒಂದು ಟಿಕ್ ಗುರುತಾಗಿರುತ್ತದೆ.

ಒಂದೇ ತರಗತಿಗೆ ಮೂರು ಅಳತೆಗೋಲು

2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಿಗೆ ತಿದ್ದುಪಡಿ ತಂದು, ಪ್ರತಿ ತರಗತಿಗೆ, ಪ್ರತಿ ವಿಷಯಕ್ಕೆ ಕಲಿಕಾ ಫಲಗಳನ್ನು ಗೊತ್ತುಪಡಿಸಬೇಕು ಎಂದಾಯಿತು. ಎನ್‌ಸಿಇಆರ್‌ಟಿ (ಶಾಲಾ ಪಠ್ಯಕ್ರಮ ರೂಪಿಸುವ ಕೇಂದ್ರದ ಸಂಸ್ಥೆ) ಅದೇ ವರ್ಷ ಪ್ರಾಥಮಿಕ ಹಂತದ ಪಟ್ಟಿಯನ್ನು ಹೊರತಂದಿತು. ಇದು ಮೊದಲ ಅಳತೆಗೋಲು.

ಎರಡನೆಯದು 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್. 2026–27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಓದು, ಬರಹ, ಲೆಕ್ಕದ ಬುನಾದಿ ಗಟ್ಟಿಮಾಡಿಕೊಳ್ಳಬೇಕು ಎಂಬುದು ಅದರ ಆಶಯ. ಗುರಿಗಳು ಚುಟುಕಾಗಿವೆ: ಒಂದನೇ ತರಗತಿಗೆ 99ರವರೆಗೆ, ಎರಡಕ್ಕೆ 999ರವರೆಗೆ, ಮೂರಕ್ಕೆ 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯುವುದು; ಜೊತೆಗೆ ಕ್ರಮವಾಗಿ ಸರಳ ಕೂಡು–ಕಳೆ, 99ರೊಳಗಿನ ವ್ಯವಕಲನ, ಸರಳ ಗುಣಾಕಾರ.

ಮೂರನೆಯದು 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು. ಮೂರರಿಂದ ಎಂಟು ವರ್ಷದವರೆಗಿನ, ಅಂದರೆ ಎರಡನೇ ತರಗತಿ ಮುಗಿಯುವವರೆಗಿನ ಮಕ್ಕಳಿಗೆ ಇದು ಅನ್ವಯ. ಇಲ್ಲಿ ಸಾಮರ್ಥ್ಯಗಳಿಗೆ ಸಂಕೇತ ಸಂಖ್ಯೆ ಇದೆ. ಸಿ-8.3 ಎಂದರೆ 99ರವರೆಗೆ ಮುಂದಕ್ಕೂ ಹಿಂದಕ್ಕೂ, ಹತ್ತು ಮತ್ತು ಇಪ್ಪತ್ತರ ಗುಂಪುಗಳಲ್ಲೂ ಎಣಿಸುವುದು. ಸಿ-8.4 ಎಂದರೆ 99ರವರೆಗಿನ ಸಂಖ್ಯೆಗಳ ಏರಿಕೆ–ಇಳಿಕೆ ಕ್ರಮ. ಸಿ-8.5 ಎಂದರೆ ಸ್ಥಾನಬೆಲೆಯನ್ನು ಅರಿತು 99ರವರೆಗಿನ ಅಂಕಿಗಳನ್ನು ಬಳಸುವುದು. ಪರಖ್ ಮೂರನೇ ತರಗತಿಯಲ್ಲಿ ಅಳೆದದ್ದು ಈ ಬುನಾದಿ ಹಂತದ ಸಾಮರ್ಥ್ಯಗಳನ್ನೇ. 99 ಎಂಬ ಮಿತಿ ಬಂದದ್ದು ಅಲ್ಲಿಂದ.

ಹಾಗಾದರೆ ಒಂದು ದಾಖಲೆ ಮೇಲ್ಮಟ್ಟದ್ದು, ಇನ್ನೊಂದು ಕೆಳಮಟ್ಟದ್ದೇ? ಸಂಖ್ಯೆಯನ್ನು ಮಾತ್ರ ನೋಡಿದರೆ ಹಾಗನ್ನಿಸುತ್ತದೆ. ಕ್ರಿಯಾಪದ ನೋಡಿ. ನಿಪುಣ್ ಹೇಳುವುದು 'ಓದಿ, ಬರೆ' ಎಂದು. ಚೌಕಟ್ಟು ಹೇಳುವುದು 'ಹಿಂದಕ್ಕೆ ಎಣಿಸು, ಜೋಡಿಸು, ಬೆಲೆ ಅರಿತು ಬಳಸು' ಎಂದು. 847ನ್ನು ನೋಡಿ 'ಎಂಟುನೂರ ನಲವತ್ತೇಳು' ಎಂದು ಓದುವ ಮಗು, 61ರಿಂದ ಹಿಂದಕ್ಕೆ ಎಣಿಸುವಾಗ 60 ದಾಟಿ 59ಕ್ಕೆ ಬರಲು ತಡವರಿಸಬಹುದು. ಎರಡೂ ಬೇರೆ ಬೇರೆ ಕೆಲಸ. ದೊಡ್ಡ ಸಂಖ್ಯೆ ಇದ್ದ ಮಾತ್ರಕ್ಕೆ ದೊಡ್ಡ ಕಲಿಕೆ ಆಗುವುದಿಲ್ಲ.

ಕರ್ನಾಟಕದಲ್ಲಿ ಇನ್ನೊಂದು ಪದರವಿದೆ. ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ, ಶಾಲಾ ವರ್ಷಗಳನ್ನು ಹಂತಗಳಾಗಿ ಹಂಚುವ ಕೇಂದ್ರದ 5+3+3+4 ಕ್ರಮದ ಬದಲು 2+8+4 ರಚನೆಯನ್ನು ಶಿಫಾರಸು ಮಾಡಿದೆ. ಹಂತದ ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ 'ಎಷ್ಟರೊಳಗೆ ಏನು' ಎಂಬ ಪಟ್ಟಿಯೂ ಬದಲಾಗುತ್ತದೆ. ಪಾಲಕರು ಒಂದು ಪಟ್ಟಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವ ಮೊದಲು, ಅದು ಯಾವ ಹಂತದ ಕೊನೆಗೆ ಹೇಳಿದ ಮಾತು ಎಂದು ನೋಡಿಕೊಳ್ಳಬೇಕು.

ಮಗ್ಗಿಯ ತಲೆಬರಹದಲ್ಲಿ ಬಿಟ್ಟುಹೋದದ್ದು

ಆರನೇ ತರಗತಿಯ ಶೇ 53ರ ಹಿಂದೆ ಇರುವ ಸಾಮರ್ಥ್ಯವನ್ನು ಪೂರ್ತಿ ಓದಿದರೆ ಅದು ಹೀಗಿದೆ: ಅಂಕಗಣಿತದ ಕ್ರಿಯೆಗಳನ್ನೂ ಅವುಗಳ ನಡುವಿನ ಸಂಬಂಧವನ್ನೂ ಅರಿಯುವುದು, ಕೂಡುವ ಮತ್ತು ಗುಣಿಸುವ ಕೋಷ್ಟಕಗಳನ್ನು ಕನಿಷ್ಠ ಹತ್ತರವರೆಗೆ ತಿಳಿದಿರುವುದು, ನಾಲ್ಕೂ ಕ್ರಿಯೆಗಳನ್ನು ದಿನಬಳಕೆಯ ಸಮಸ್ಯೆಗಳಿಗೆ ಅನ್ವಯಿಸುವುದು. ಒಂದೇ ವಾಕ್ಯದಲ್ಲಿ ಮೂರು ಕೆಲಸಗಳಿವೆ. ತಲೆಬರಹ ನಡುವಿನ ಒಂದನ್ನು ಮಾತ್ರ ಎತ್ತಿಕೊಂಡಿತು.

ಇದರಿಂದ ಆಗುವ ಹಾನಿ ಸಣ್ಣದಲ್ಲ. 'ಮಗ್ಗಿ ಬಾರದು' ಎಂದು ಕೇಳಿದ ಮನೆ ಮಗ್ಗಿ ಉರುಹೊಡೆಸುತ್ತದೆ. ಮಗು 'ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು' ಎಂದು ರಾಗವಾಗಿ ಒಪ್ಪಿಸುತ್ತದೆ. ಆದರೆ 7×8 ಎಷ್ಟು ಎಂದು ನಡುವಿನಿಂದ ಕೇಳಿದರೆ ಏಳೊಂದ್ಲ ಏಳರಿಂದ ಮತ್ತೆ ಹತ್ತಬೇಕಾಗುತ್ತದೆ. '56 ಪೆನ್ಸಿಲ್‌ಗಳನ್ನು 8ರಂತೆ ಕಟ್ಟಿದರೆ ಎಷ್ಟು ಕಟ್ಟು' ಎಂದರೆ ಅದೇ ಮಗ್ಗಿ ಇಲ್ಲಿ ತಿರುಗಿ ಬಂದಿದೆ ಎಂಬುದು ಹೊಳೆಯುವುದಿಲ್ಲ. ಕೊರತೆ ಇದ್ದದ್ದು ಸಂಬಂಧದಲ್ಲಿ, ಔಷಧ ಕೊಟ್ಟದ್ದು ಬಾಯಿಪಾಠಕ್ಕೆ.

ಹಾಗಾಗಿ ಈ ಸಾಮರ್ಥ್ಯವನ್ನು ಮಗುವಿಗೆ ಹೇಳಬೇಕಾದರೆ ಒಂದು ವಾಕ್ಯ ಸಾಲದು. ಮೂರು ಬೇಕು: 'ಯಾವ ಮಗ್ಗಿಯನ್ನು ನಡುವಿನಿಂದ ಕೇಳಿದರೂ ಹೇಳಬಲ್ಲೆ.' '7×8=56 ಎಂದು ಗೊತ್ತಿದ್ದರೆ 56÷8 ಎಷ್ಟು ಎಂದು ಲೆಕ್ಕ ಮಾಡದೆಯೇ ಹೇಳಬಲ್ಲೆ.' 'ಒಂದು ಸಮಸ್ಯೆ ಓದಿ, ಇಲ್ಲಿ ಕೂಡಬೇಕೋ, ಕಳೆಯಬೇಕೋ, ಗುಣಿಸಬೇಕೋ, ಭಾಗಿಸಬೇಕೋ ಎಂದು ಕಾರಣ ಕೊಟ್ಟು ಹೇಳಬಲ್ಲೆ.' ಈಗ ಎಲ್ಲಿ ಎಡವಿದೆ ಎಂಬುದು ಮಗುವಿಗೇ ಕಾಣುತ್ತದೆ.

ಮಗುವಿಗೆ ಹೇಳಲೇಬೇಕೇ? ವಾದಗಳು

ಕಲಿಕಾ ಗುರಿ ಶಿಕ್ಷಕರ ಉಪಕರಣ, ಮಗುವಿಗೆ ಅದರ ಗೊಡವೆ ಏಕೆ ಎನ್ನುವವರಿದ್ದಾರೆ. ಆರು ವರ್ಷದ ಮಗು ಆಟ, ಹಾಡು, ಕಡ್ಡಿ–ಕಲ್ಲುಗಳ ಮೂಲಕ ಎಣಿಕೆ ಕಲಿಯುತ್ತದೆ. ಅದರ ಮುಂದೆ ಗುರಿಗಳ ಪಟ್ಟಿ ಇಟ್ಟರೆ ಆಟವೇ ಪರೀಕ್ಷೆಯಾಗುತ್ತದೆ ಎಂಬುದು ಅವರ ಆತಂಕ. ಇನ್ನು ಕೆಲವರ ಭಯ ಬೇರೆ: ವಾಕ್ಯಗಳನ್ನು ಗೋಡೆಗೆ ಅಂಟಿಸಿದ ಕೂಡಲೇ ಕಲಿಸುವುದು ನಿಂತು ಟಿಕ್ ಹಾಕುವುದು ಶುರುವಾಗುತ್ತದೆ ಎಂದು.

ಎದುರು ಪಕ್ಷದ ಮಾತು ಇದು: ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ ಮಗು 'ಸರಿ–ತಪ್ಪು' ಗುರುತಿಗಾಗಿ ಮಾತ್ರ ಕಾಯುತ್ತದೆ, ತನ್ನ ತಪ್ಪನ್ನು ತಾನೇ ಹುಡುಕುವುದಿಲ್ಲ.

ಈ ಚರ್ಚೆಗೆ ಈಗ ಹೊಸ ತುರ್ತು ಬಂದಿರುವುದು ಸಮಗ್ರ ಪ್ರಗತಿ ಪತ್ರದಿಂದ. ಪರಖ್ ಸಿದ್ಧಪಡಿಸಿದ ಈ ಮಾದರಿಯಲ್ಲಿ ಶಿಕ್ಷಕರ ಅಭಿಪ್ರಾಯದ ಜೊತೆಗೆ ಮಗುವಿನ ಸ್ವಮೌಲ್ಯಮಾಪನಕ್ಕೂ, ಸಹಪಾಠಿಯ ಅಭಿಪ್ರಾಯಕ್ಕೂ ಜಾಗವಿದೆ. ಮಗು ತಾನು ಎಷ್ಟು ಕಲಿತೆ ಎಂದು ತಾನೇ ಗುರುತಿಸಬೇಕು. ಗುರಿ ಏನೆಂದು ಅರ್ಥವಾಗದ ಮಗು ಏನನ್ನು ಗುರುತಿಸೀತು? ನಗುಮುಖದ ಚಿತ್ರ ಚೆನ್ನಾಗಿದೆ ಎಂದು ಅದಕ್ಕೆ ಬಣ್ಣ ತುಂಬುತ್ತದೆ. ಪತ್ರದಲ್ಲಿ ಆ ಅಂಕಣವನ್ನು ಇಟ್ಟ ಮೇಲೆ, ಮಗುವಿಗೆ ತಿಳಿಯುವ ಮಾತು ಶಾಲೆಯ ಹೊಣೆಯಾಯಿತು.

ಕರ್ನಾಟಕಕ್ಕೆ ಈ ಆಲೋಚನೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದು ರೂಪಿಸಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯಲ್ಲಿ ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ, ಪ್ರತಿ ಚಟುವಟಿಕೆಗೂ ಒಂದು ಚಿತ್ರಸಂಕೇತವಿದೆ. ಅಕ್ಷರ ಬಾರದ ಮಗುವೂ ತಾನು ಏಣಿಯ ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂದು ಬೆರಳಿಟ್ಟು ತೋರಿಸಬಲ್ಲದು. ಆದರೆ ಏಣಿ 'ಎಲ್ಲಿದ್ದೇನೆ' ಎಂದು ಹೇಳುತ್ತದೆ. 'ಏನನ್ನು ಮಾಡಬಲ್ಲವನಾದೆ' ಎಂದು ಹೇಳಲು ಮಾತು ಬೇಕು. ಬಿಟ್ಟುಹೋಗಿರುವ ಕೊಂಡಿ ಅದು.

ಆತಂಕ ಪಡುವವರ ಮಾತಿನಲ್ಲೂ ಹುರುಳಿದೆ. ಇಡೀ ವರ್ಷದ ಪಟ್ಟಿಯನ್ನು ಒಟ್ಟಿಗೆ ಮಗುವಿನ ಮುಂದೆ ಇಡಬಾರದು. ಒಂದು ಸಲಕ್ಕೆ ಒಂದೇ ವಾಕ್ಯ, ಅದೂ ಚಟುವಟಿಕೆ ಆದ ಮೇಲೆ. ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟಿ ಆಡಿದ ಮಗುವಿಗೆ 'ಈಗ ನೀನು ಮಾಡಿದ್ದು ಇದು' ಎಂದರೆ ಮಾತು ಅನುಭವಕ್ಕೆ ಅಂಟಿಕೊಳ್ಳುತ್ತದೆ. ಮೊದಲೇ ಹೇಳಿದರೆ ಗಾಳಿಯಲ್ಲಿ ಉಳಿಯುತ್ತದೆ. ಒಂದು–ಎರಡನೇ ತರಗತಿಯಲ್ಲಿ ಬಾಯಿಮಾತು ಸಾಕು. ಬರಹ ಮೂರನೇ ತರಗತಿಯ ನಂತರ.

ಪದ ಸುಲಭವಾಗಲಿ, ಗಣಿತ ಕರಗದಿರಲಿ

ಮಗುವಿನ ಭಾಷೆಗೆ ತರುವುದು ಎಂದರೆ ಕಠಿಣ ಪದ ತೆಗೆದು ಮೃದು ಪದ ಹಾಕುವುದು ಎಂದು ಬಹಳ ಜನ ತಿಳಿದಿದ್ದಾರೆ. ಆಗ 'ನನಗೆ ಸಂಖ್ಯೆಗಳು ಗೊತ್ತು', 'ನಾನು ಚೆನ್ನಾಗಿ ಕೂಡಿಸುತ್ತೇನೆ' ಎಂಬಂಥ ವಾಕ್ಯಗಳು ಹುಟ್ಟುತ್ತವೆ. ಕೇಳಲು ಮುದ್ದಾಗಿವೆ. ಆದರೆ ಇವುಗಳಿಂದ ಯಾವುದನ್ನೂ ಪರೀಕ್ಷಿಸಲಾಗದು, ಏಕೆಂದರೆ ಗುರಿಯ ಎಲುಬುಗಳೇ ಉದುರಿಹೋಗಿವೆ.

ಯಾವುದೇ ಗಣಿತದ ಗುರಿಯಲ್ಲಿ ನೋಡಬೇಕಾದ್ದು ನಾಲ್ಕು: ಏನು ಮಾಡಬೇಕು ಎಂಬ ಕ್ರಿಯೆ, ಎಷ್ಟರವರೆಗೆ ಎಂಬ ಮಿತಿ, ಹೇಗೆ ಎಂಬ ಷರತ್ತು, ಆಗಿದೆ ಎಂದು ತೋರಿಸುವ ಪುರಾವೆ. 'ಅರ್ಥಮಾಡಿಕೊಳ್ಳುತ್ತೇನೆ' ಎಂಬುದು ಮಗುವಿಗೆ ಕ್ರಿಯೆಯೇ ಅಲ್ಲ. ಅರ್ಥವಾಗಿದೆಯೋ ಇಲ್ಲವೋ ಎಂದು ಮಗು ಹೇಗೆ ಹೇಳೀತು? ಅದರ ಬದಲು ಬಿಡಿಸು, ಜೋಡಿಸು, ಚಿತ್ರ ಬರೆ, ಹೋಲಿಸು, ಕಾರಣ ಹೇಳು ಎಂಬಂಥ ಕಣ್ಣಿಗೆ ಕಾಣುವ ಕೆಲಸ ಬೇಕು.

ಸಿ-8.6 ತೆಗೆದುಕೊಳ್ಳಿ. ಸಂಖ್ಯೆಗಳನ್ನು ಬಿಡಿಸಿ ಜೋಡಿಸುವ ಬಗೆಬಗೆಯ ಉಪಾಯಗಳಿಂದ ಎರಡಂಕಿ ಸಂಖ್ಯೆಗಳನ್ನು ಸರಾಗವಾಗಿ ಕೂಡುವುದು, ಕಳೆಯುವುದು ಅದರ ಸಾರ. ಇಲ್ಲಿ ಷರತ್ತೇ ಜೀವಾಳ: 'ಬಿಡಿಸಿ ಜೋಡಿಸುವುದು'. ಮಗುವಿನ ವಾಕ್ಯ ಹೀಗಿರಬಹುದು: '47 ಮತ್ತು 38ರಂಥ ಸಂಖ್ಯೆಗಳನ್ನು ಕೂಡಿಸಬಲ್ಲೆ. ಬೇಕಾದಂತೆ ಬಿಡಿಸಿಕೊಳ್ಳಬಲ್ಲೆ. ಹೇಗೆ ಮಾಡಿದೆ ಎಂದು ಹೇಳಬಲ್ಲೆ.' ಒಂದು ಮಗು 40+30=70, 7+8=15, ಒಟ್ಟು 85 ಎನ್ನುತ್ತದೆ. ಇನ್ನೊಂದು 38ರಿಂದ 3 ತೆಗೆದು 47ಕ್ಕೆ ಕೊಟ್ಟು 50+35 ಮಾಡುತ್ತದೆ. ಮತ್ತೊಂದು 47+40=87 ಮಾಡಿ, ಹೆಚ್ಚಾದ 2 ಕಳೆಯುತ್ತದೆ. ಮೂರೂ ಗುರಿ ಮುಟ್ಟಿವೆ. ಲಂಬವಾಗಿ ಬರೆದು 'ದಶಕ ಒಂದು' ಎಂದು ಯಂತ್ರದಂತೆ ಮೇಲೇರಿಸಿ 85 ಬರೆದು, ಆ 'ಒಂದು' ಏನೆಂದು ಕೇಳಿದರೆ ಸುಮ್ಮನಾಗುವ ಮಗು ಇನ್ನೂ ಮುಟ್ಟಿಲ್ಲ. ಉತ್ತರ ಮಾತ್ರ ನೋಡಿದರೆ ನಾಲ್ವರಿಗೂ ಒಂದೇ ಅಂಕ.

ತಪ್ಪುಗಳೂ ಇಲ್ಲಿ ಮಾತನಾಡುತ್ತವೆ. 47+38ಕ್ಕೆ 715 ಎಂದು ಬರೆದ ಮಗು 7+8=15ನ್ನು ಪೂರ್ತಿ ಬಿಡಿ ಸ್ಥಾನದಲ್ಲಿ ಇಟ್ಟು ಪಕ್ಕದಲ್ಲಿ 7 ಬರೆದಿದೆ; ಕೂಡುವುದು ಬರುತ್ತದೆ, ಸ್ಥಾನಬೆಲೆ ಬಂದಿಲ್ಲ. 75 ಎಂದು ಬರೆದ ಮಗು ಬಂದ ಹತ್ತನ್ನು ಮರೆತಿದೆ. 52–38ಕ್ಕೆ 26 ಎಂದು ಬರೆದ ಮಗು 2ರಿಂದ 8 ಹೋಗದು ಎಂದು 8ರಿಂದಲೇ 2 ಕಳೆದಿದೆ. 'ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು' ಎಂದು ಹಿಂದೆ ಕೇಳಿದ ಮಾತನ್ನು ನಿಷ್ಠೆಯಿಂದ ಪಾಲಿಸಿದೆ. ಮೂವರಿಗೂ 'ಇನ್ನಷ್ಟು ಅಭ್ಯಾಸ ಬೇಕು' ಎಂದು ಬರೆದರೆ ಯಾರಿಗೂ ಏನೂ ಹೇಳಿದಂತಾಗಲಿಲ್ಲ.

ಗುಣಾಕಾರದ ಗುರಿಯಲ್ಲಿ ಒಂದೇ ಪದ ಬಿಟ್ಟರೂ ಗಣಿತ ಕೆಡುತ್ತದೆ. 'ಗುಂಪುಗಳನ್ನು ಕೂಡಿಸಿ ಗುಣಾಕಾರ ಮಾಡಬಲ್ಲೆ' ಎಂದರೆ 3, 3, 4, 2 ಇರುವ ನಾಲ್ಕು ಗುಂಪುಗಳನ್ನೂ ಮಗು 4×3 ಎಂದೀತು. ಒಟ್ಟು 12 ಬರುವುದರಿಂದ ತಪ್ಪು ಕಾಣುವುದೂ ಇಲ್ಲ. 'ಒಂದೊಂದು ಗುಂಪಿನಲ್ಲೂ ಒಂದೇ ಎಣಿಕೆ ಇದ್ದರೆ' ಎಂಬ ಷರತ್ತು ವಾಕ್ಯದಲ್ಲಿ ಉಳಿಯಲೇಬೇಕು, ವಾಕ್ಯ ಎಷ್ಟೇ ಉದ್ದವಾಗಲಿ.

ಕನ್ನಡದೊಳಗಿನ ತೊಡಕುಗಳು

ಮಗುವಿನ ಭಾಷೆ ಎಂದಾಗ ಯಾವ ಕನ್ನಡ? ಪುಸ್ತಕದಲ್ಲಿ ಸಂಕಲನ, ವ್ಯವಕಲನ. ಮನೆಯಲ್ಲಿ ಕೂಡು, ಕಳೆ. ಶಾಸ್ತ್ರೀಯ ಪದ ಬೇಡವೇ ಬೇಡ ಎನ್ನುವುದು ಸರಿಯಲ್ಲ, ಮುಂದಿನ ತರಗತಿಗಳಲ್ಲಿ ಅದೇ ಎದುರಾಗುತ್ತದೆ. ಆದರೆ ಕೂಡುವ ಕೆಲಸ ಕೈಗೆ ಹತ್ತಿದ ಮೇಲೆ ಅದಕ್ಕೆ 'ಸಂಕಲನ' ಎಂಬ ಹೆಸರು ಕೊಡುವುದು ಒಂದು ಕ್ರಮ, ಹೆಸರಿನಿಂದಲೇ ಶುರುಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಮಗು ಒಂದೇ ಹೊಸದನ್ನು ಕಲಿಯುತ್ತದೆ, ಎರಡನೆಯದರಲ್ಲಿ ಒಟ್ಟಿಗೆ ಎರಡನ್ನು. ಆರೋಹಣ–ಅವರೋಹಣ ಹೋಗಿ ಏರಿಕೆ–ಇಳಿಕೆ ಬಂದಾಗ ಗಣಿತಕ್ಕೆ ಏನೂ ನಷ್ಟವಾಗಲಿಲ್ಲ. ಮಗುವಿಗೆ ಏಣಿಯ ಚಿತ್ರ ಉಚಿತವಾಗಿ ಸಿಕ್ಕಿತು.

ಕೆಲವು ಪದಗಳು ಸರಳವಾಗಿ ಕಂಡೇ ಮೋಸ ಮಾಡುತ್ತವೆ. 'ಸಮ' ಎಂದರೆ ಎರಡು ಕಡೆ ಒಂದೇ ಬೆಲೆ, 'ಸಮ ಸಂಖ್ಯೆ' ಎಂದರೆ 2, 4, 6. '3+4 ಮತ್ತು 7 ಸಮ' ಎಂದು ಕೇಳಿದ ಮಗು '7 ಬೆಸ ಅಲ್ಲವೇ?' ಎಂದರೆ ಅದು ಜಾಣ ಪ್ರಶ್ನೆ. 'ಹತ್ತರ ಸ್ಥಾನ' ಎನ್ನುವ ಬದಲು ಅವಸರದಲ್ಲಿ 'ಹತ್ತನೇ ಸ್ಥಾನ' ಎಂದುಬಿಟ್ಟರೆ, ಸಾಲಿನಲ್ಲಿ ಹತ್ತನೆಯದಾಗಿ ನಿಲ್ಲುವ ಜಾಗ ಎಂದಾಗುತ್ತದೆ. ಗುರಿ ಬರೆಯುವವರು ಇಂಥ ಕಡೆ ಉದಾಹರಣೆಯನ್ನು ಪಕ್ಕದಲ್ಲೇ ಇಡಬೇಕು.

ವಾಕ್ಯದ ಸರಣಿಯೂ ಅಡ್ಡ ಬರುತ್ತದೆ. 'ಎಂಟನ್ನು ಇಪ್ಪತ್ತಮೂರರಿಂದ ಕಳೆ' ಎಂದರೆ ಮಗುವಿನ ಕಿವಿಗೆ ಮೊದಲು ಬೀಳುವುದು ಎಂಟು, ಬರೆಯುವುದು 8–23. 'ಇಪ್ಪತ್ತಮೂರರಿಂದ ಎಂಟು ಕಳೆ' ಎಂದರೆ ಮಾತು ಮತ್ತು ಬರಹದ ಸಾಲು ಒಂದೇ ದಿಕ್ಕಿಗೆ ಹೋಗುತ್ತವೆ. ಮೊದಲು ಎರಡನೆಯದರಲ್ಲಿ ಅಭ್ಯಾಸ, ಆಮೇಲೆ ಮೊದಲನೆಯದು.

ಭಾಷೆ ಕೊಡುವ ಅನುಕೂಲವನ್ನೂ ಬಳಸಿಕೊಳ್ಳಬೇಕು. ಇಪ್ಪತ್ತಮೂರು ಎನ್ನುವಾಗಲೇ ಇಪ್ಪತ್ತು ಮತ್ತು ಮೂರು ಕಿವಿಗೆ ಬೀಳುತ್ತವೆ. ಸ್ಥಾನಬೆಲೆಯ ಅರ್ಧ ಪಾಠ ಪದದಲ್ಲೇ ಇದೆ. ಹೀಗೆ ಕೇಳಿದ್ದನ್ನು ಕೇಳಿದಂತೆ ಬರೆಯುವ ಮಗು 'ನೂರ ಐದು' ಎಂದಾಗ 1005 ಎಂದು ಬರೆಯುತ್ತದೆ: ನೂರಕ್ಕೆ 100, ಐದಕ್ಕೆ 5. ಮಾತಿನಲ್ಲಿ ಇಲ್ಲದ ಸೊನ್ನೆ ಬರಹದಲ್ಲಿ ಏಕೆ ಬೇಕು ಎಂಬುದನ್ನು ನೂರು, ಹತ್ತು, ಬಿಡಿ ಎಂಬ ಮೂರು ಮನೆ ಗೀಚಿ ತೋರಿಸಬೇಕು. ಅದರ ಗುರಿ ಹೀಗೆ: '105, 150, 115 ಎಂದು ಕೇಳಿದಾಗ ಸೊನ್ನೆ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಹೇಳಿ ಬರೆಯಬಲ್ಲೆ.'

ಸ್ವಮೌಲ್ಯಮಾಪನ ಸುಳ್ಳಾಗದಿರಲು

'ನಿನಗೆ ಬರುತ್ತದಾ?' ಎಂದು ಮೊದಲು ಕೇಳಿದರೆ ಎಲ್ಲ ಮಕ್ಕಳೂ ಹೂಂ ಎನ್ನುತ್ತಾರೆ. ಅನುಕ್ರಮ ತಿರುಗಬೇಕು. ಮೊದಲು ಗುರಿಯ ವಾಕ್ಯ ಓದಿ ಹೇಳುವುದು. ಆಮೇಲೆ ಅದಕ್ಕೆ ಹೊಂದುವ ಎರಡು ಲೆಕ್ಕ, ಒಂದು ಸುಲಭದ್ದು, ಒಂದು ಎಡವಿಸುವಂಥದ್ದು. ಮಗು ಮಾಡಿ, ಪಕ್ಕದವರಿಗೆ ಹೇಗೆ ಮಾಡಿದೆ ಎಂದು ಹೇಳಬೇಕು. ಇಷ್ಟಾದ ಮೇಲೆ ಗುರುತು. ಗುರುತಿನ ಆಯ್ಕೆಗಳೂ ಕೆಲಸದ ಮಾತಿನಲ್ಲಿರಲಿ: 'ಒಬ್ಬಳೇ ಮಾಡಿದೆ', 'ಕಡ್ಡಿ ಬಳಸಿ ಮಾಡಿದೆ', 'ಯಾರಾದರೂ ಜೊತೆಗಿದ್ದರೆ ಮಾಡುತ್ತೇನೆ'. ನಗುವ ಮುಖ, ಅಳುವ ಮುಖ ಇಟ್ಟರೆ ಮಗು ಮನಸ್ಸಿನ ಸ್ಥಿತಿ ಹೇಳುತ್ತದೆ, ಲೆಕ್ಕದ್ದಲ್ಲ. ಅಳುವ ಮುಖವನ್ನು ಯಾವ ಮಗುವೂ ಇಷ್ಟಪಟ್ಟು ಆರಿಸುವುದಿಲ್ಲ.

ಇಷ್ಟಕ್ಕೆ ಸಮಯ ಎಲ್ಲಿದೆ ಎಂಬ ಶಿಕ್ಷಕರ ಪ್ರಶ್ನೆ ನ್ಯಾಯವಾದದ್ದು. ಎಲ್ಲ ಗುರಿಗಳಿಗೂ ಇದನ್ನು ಮಾಡಲಾಗದು. ಮುಂದಿನ ಕಲಿಕೆ ಯಾವುದರ ಮೇಲೆ ನಿಂತಿದೆಯೋ ಅವನ್ನಷ್ಟೇ ಆರಿಸಬೇಕು, ಅದರಲ್ಲಿ ಸ್ಥಾನಬೆಲೆಯೇ ಮೊದಲನೆಯದು. 47ನ್ನು 'ನಾಲ್ಕು ಮತ್ತು ಏಳು' ಎಂದು ನೋಡುವ ಮಗು ಎರಡನೇ ತರಗತಿಯಲ್ಲಿ 715 ಬರೆಯುತ್ತದೆ. ಅದೇ ನೋಟ ಮುಂದುವರಿದರೆ 23×14 ಮಾಡುವಾಗ ಎರಡನೇ ಸಾಲನ್ನು ಒಂದು ಮನೆ ಎಡಕ್ಕೆ ಸರಿಸುವುದು ಏಕೆಂದು ತಿಳಿಯದೆ 92ರ ಕೆಳಗೆ 23 ಬರೆದು 115 ಎನ್ನುತ್ತದೆ, ಬರಬೇಕಾದ್ದು 322. ದಶಮಾಂಶಕ್ಕೆ ಬಂದಾಗ 25 ದೊಡ್ಡದು, 5 ಚಿಕ್ಕದು ಎಂದು ನೋಡಿ 0.25 ದೊಡ್ಡದು, 0.5 ಚಿಕ್ಕದು ಎನ್ನುತ್ತದೆ. ಮೂರು ತರಗತಿಗಳಲ್ಲಿ ಮೂರು ತಪ್ಪುಗಳಂತೆ ಕಂಡದ್ದು ಒಂದೇ ತಪ್ಪು. ಆರನೇ ತರಗತಿಯ ಸಮೀಕ್ಷೆಯಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಅದು ಎಲ್ಲಿ ಹುಟ್ಟಿತೆಂದು ಯಾರಿಗೂ ನೆನಪಿರುವುದಿಲ್ಲ.

ನಿಪುಣ್ ಭಾರತ್‌ನ ಗಡುವು ಹತ್ತಿರವಾದಂತೆ ಟಿಕ್ ಗುರುತುಗಳ ಸಂಖ್ಯೆ ಏರುವುದು ಬಹುತೇಕ ಖಚಿತ. ಆ ಗುರುತುಗಳ ಹಿಂದೆ ಯಾವ ಲೆಕ್ಕ ಇತ್ತು ಎಂಬುದನ್ನು ಪಾಲಕರೇ ಕೇಳಬಹುದು, ಅದಕ್ಕೆ ಗಣಿತದ ಪದವಿ ಬೇಕಿಲ್ಲ. ಏರಿಕೆ ಕ್ರಮ ಬರುತ್ತದೆ ಎಂದು ಪ್ರಗತಿ ಪತ್ರದಲ್ಲಿದ್ದರೆ, ಮಗು ಜೋಡಿಸಿದ ಸಂಖ್ಯೆಗಳನ್ನು ತೋರಿಸಿ ಎನ್ನಿ. 12, 35, 58, 81 ಮಾತ್ರ ಇದ್ದರೆ, ಮೊದಲ ಅಂಕಿಯನ್ನಷ್ಟೇ ನೋಡಿ ಮಗು ಗೆದ್ದಿರಬಹುದು. 9, 69, 70, 96 ಎಂದು ನಾಲ್ಕು ಚೀಟಿ ಬರೆದು, ಕಲಸಿ, ಮಗುವಿನ ಮುಂದಿಡಿ. ಜೋಡಿಸಿ ಮುಗಿದ ಮೇಲೆ, 69ರಲ್ಲಿ 9 ಇದೆ, 70ರಲ್ಲಿ ಬರೀ ಸೊನ್ನೆ ಇದೆ, ಆದರೂ 70 ಯಾಕೆ ಮುಂದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.